ತಂಡಕ್ಕೆ ಯಾರೂ ಕರೆಯದ ಮಗು

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಯಾವುದೇ ಶಾಲೆ ಮೈದಾನ ನೋಡಿ. ಖೋ-ಖೋಗೆ ತಂಡ ಕಟ್ಟುವಾಗ ಒಂದು ಮಗು ಕೊನೆಗೆ ಉಳಿಯುತ್ತೆ. ಓಡಿದರೆ ಎಡವುತ್ತೆ, ಚೆಂಡು ಕೈಗೆ ಸಿಗಲ್ಲ, ಅಂಗಿ ಗುಂಡಿ ಹಾಕೋಕೂ ಪರದಾಡುತ್ತೆ. ಮೈಗಳ್ಳ ಅಂತ ಬೈತೀವಿ. ದಯವಿಟ್ಟು ಬೈಬೇಡಿ.

ಇದು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಅಂದರೆ ಡಿಸಿಡಿ ಇರಬಹುದು. ಶಾಲಾ ಮಕ್ಕಳಲ್ಲಿ ನೂರಕ್ಕೆ 5-6 ಮಂದಿಗೆ ಇರುತ್ತೆ, ಓದಿನಲ್ಲಿ ಚುರುಕಾಗಿರೋರಿಗೂ. ಕೈಕಾಲಲ್ಲಿ ಬಲ ಇದೆ. ಯಾವಾಗ ಎತ್ತಬೇಕು, ಎಷ್ಟು ಚಾಚಬೇಕು ಅನ್ನೋ ಲೆಕ್ಕ ಮಿದುಳಿಗೆ ಸಲೀಸಾಗಿ ಕೂಡಿಬರಲ್ಲ.

ನನ್ನನ್ನು ಹೆಚ್ಚು ಕಾಡೋದು ಮುಂದಿನ ಕಥೆ. ನಗೆಪಾಟಲಾದ ಮಗು ಆಟ ಬಿಡುತ್ತೆ. ಬಿಟ್ಟಷ್ಟೂ ಅಭ್ಯಾಸ ತಪ್ಪುತ್ತೆ. ಅನೇಕರಲ್ಲಿ ಈ ತೊಡಕು ದೊಡ್ಡವರಾದ ಮೇಲೂ ಉಳಿದು, ಓಡಾಟವೇ ಕಡಿಮೆಯಾಗಿ, ಬೊಜ್ಜು, ಬಿಪಿ, ಸಕ್ಕರೆ ಕಾಯಿಲೆಗೆ ದಾರಿಯಾಗಬಹುದು.

ಹಾಗಾಗದಿರಲು ಆಟವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕಲಿಸಿ. ಸೈಕಲ್ ಕಲಿಸ್ತೀರಾ? ಮೊದಲು ಪೆಡಲ್ ಬಿಚ್ಚಿ, ಸೀಟು ತಗ್ಗಿಸಿ, ಕಾಲಿಂದ ನೆಲ ಒತ್ತುತ್ತಾ ಸಾಗಲಿ. ತೂಕ ಹಿಡಿಯೋದು ಬಂದಮೇಲೆ ಪೆಡಲ್ ಹಾಕಿ. ಕುಂಟೆಬಿಲ್ಲೆಯನ್ನೂ ಹೀಗೇ ಕಲಿಸಿ, ಒಂದೊಂದೇ ಮನೆ.

ದೊಡ್ಡವರಿಗೂ ಹೊತ್ತು ಮೀರಿಲ್ಲ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಅದಕ್ಕೆ ತಂಡ ಬೇಕಿಲ್ಲ.

ಮಗುವಿನ ಬಗ್ಗೆ ಅನುಮಾನ ಇದ್ದರೆ, ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ವೈದ್ಯರಿಗೆ ತೋರಿಸಿ. ತಪಾಸಣೆ ಉಚಿತ.