ಅಲಗಿಗೆ ತಕ್ಕ ಹರಿತ: ಕುಕನೂರು ಸೀಮೆಯ ಕುಲುಮೆ ಮತ್ತು ಸಾಣೆ

ಕುಕನೂರಿಗೆ ಬರುವ ಪರಸ್ಥಳದವರು ಸಾಮಾನ್ಯವಾಗಿ ಅರಸಿ ಬರುವುದು ಅಲ್ಲಿಯ ದೇವಾಲಯಗಳನ್ನು. ರಾಷ್ಟ್ರಕೂಟರ ಕಾಲದ, ಒಂಬತ್ತನೆಯ ಶತಮಾನದ ನವಲಿಂಗ ದೇವಾಲಯ ಸಮೂಹವನ್ನೂ ಮಹಾಮಾಯೆಯ ಸನ್ನಿಧಿಯನ್ನೂ ಕಲ್ಲೇಶ್ವರನ ಗುಡಿಯನ್ನೂ ನೋಡಿಕೊಂಡು, ಅಲ್ಲಿಂದ ಕೆಲವೇ ಮೈಲಿ ದೂರದ ಇಟಗಿಗೆ ತೆರಳಿ, ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿರುವ ಮಂದಿರದ ಮುಂದೆ ಅವರು ವಿಸ್ಮಿತರಾಗಿ ನಿಲ್ಲುತ್ತಾರೆ. ಶಿಲ್ಪಿಯ ಕೈಯನ್ನು ಹೊಗಳದವರಿಲ್ಲ. ಆದರೆ ಆ ಕೈಯಲ್ಲಿದ್ದ ಉಳಿಗೆ ಮತ್ತೆಮತ್ತೆ ಮೊನೆ ಕೊಟ್ಟ ಕಮ್ಮಾರನನ್ನು ನೆನೆಯುವವರು ವಿರಳ. ಬಳಪದ ಕಲ್ಲು ಎಷ್ಟೇ ಮೃದುವಾದುದೆಂದರೂ ಕಲ್ಲು ಕಲ್ಲೇ; ಅದನ್ನು ಕಡೆಯುವ ಉಳಿ ಮೊಂಡಾಗದೆ ಇರಲಾರದು; ಮೊಂಡಾದ ಉಳಿ ಕುಲುಮೆಗೆ ಹೋಗದೆ ಪುನಃ ಕೆಲಸಕ್ಕೆ ಬಾರದು. ಆದುದರಿಂದ ಸೂಕ್ಷ್ಮವಾದ ಕುಸುರಿಯನ್ನು ಕಂಡಲ್ಲೆಲ್ಲ, ಆಸುಪಾಸಿನಲ್ಲಿ ಒಂದು ಕುಲುಮೆ ಉರಿಯುತ್ತಿದ್ದಿತೆಂದು ನಾವು ನಿಸ್ಸಂದೇಹವಾಗಿ ಊಹಿಸಬಹುದು.

ಆ ಕುಲುಮೆಯ ವಿದ್ಯೆ ಇಂದಿಗೂ ಈ ಸೀಮೆಯಲ್ಲಿ ಜೀವಂತವಾಗಿದೆ. ಹಿಂದೆ ಯಲಬುರ್ಗಾ ತಾಲೂಕಿಗೆ ಸೇರಿದ್ದು ಈಗ ಸ್ವತಃ ತಾಲೂಕಿನ ಕೇಂದ್ರವಾಗಿರುವ ಕುಕನೂರಿನ ಸುತ್ತಮುತ್ತ, ಒಕ್ಕಲುತನವನ್ನು ನಂಬಿದ ಹಳ್ಳಿಗಳಲ್ಲಿ, ಕಬ್ಬಿಣದ ಕೆಲಸಗಾರನು ಹೊಸ ಆಯುಧಗಳನ್ನು ಮಾಡುವುದಕ್ಕಿಂತ ಹಳೆಯ ಆಯುಧಗಳಿಗೆ ಬಾಯಿ ತೆಗೆದುಕೊಡುವುದೇ ಹೆಚ್ಚು. ಕುಡುಗೋಲು, ಕುರ್ಪಿ, ಕೊಡಲಿ, ಕುಂಟೆಯ ಕುಡ, ರೆಂಟೆಯ ಕುಳ, ಅಡುಗೆಮನೆಯ ಈಳಿಗೆ: ಇವೆಲ್ಲವೂ ಅವನ ಬಾಗಿಲಿಗೆ ಬರುವಾಗ ಮೊಂಡಾಗಿ ಬಂದು, ಹೋಗುವಾಗ ಹರಿತವಾಗಿ ಹೋಗುತ್ತವೆ. ಹರಿತ ಮಾಡುವುದೆಂದರೆ ಏನು ಮಹಾ, ಕಲ್ಲಿಗೆ ತಿಕ್ಕಿದರಾಯಿತು ಎಂದು ಹೊರಗಿನವರು ಭಾವಿಸುವುದುಂಟು. ಆದರೆ ಈ ಕಸುಬನ್ನು ಸ್ವಲ್ಪ ಸಮೀಪದಿಂದ ನೋಡಿದವರಿಗೆ ತಿಳಿಯುವ ಮೊದಲನೆಯ ಸತ್ಯವೇನೆಂದರೆ, ಹರಿತವೆಂಬುದು ಒಂದೇ ಬಗೆಯದಲ್ಲ. ಅಲಗು ಯಾವುದನ್ನು ಎದುರಿಸಬೇಕೋ ಅದಕ್ಕೆ ತಕ್ಕಂತೆ ಅದರ ಹರಿತವೂ ಇರಬೇಕು. ಅತಿಯಾದ ಹರಿತ ಮೊಂಡಿನಷ್ಟೇ ದೊಡ್ಡ ದೋಷ.

ಬಲ್ಲ ಕಮ್ಮಾರನು ಕೆಲಸಕ್ಕೆ ಕೈಹಾಕುವ ಮೊದಲು ಪ್ರಶ್ನೆ ಕೇಳುವುದು ಇದಕ್ಕಾಗಿಯೇ. ಕುಂಟೆಯ ಕುಡವನ್ನು ಹಣಿಸಲು ಬಂದ ರೈತನನ್ನು ಅವನು, “ಯಜಮಾನರ, ಎರಿ ಹೊಲಕ್ಕೊ, ಮಸಾರಿಗೊ?” ಎಂದು ವಿಚಾರಿಸುತ್ತಾನೆ. ಎರೆಯ ಕಪ್ಪು ಮಣ್ಣು ನುಣುಪು. ಅದರಲ್ಲಿ ತೆಳುವಾದ ಅಲಗು ಕಸದ ಬೇರನ್ನು ಸಲೀಸಾಗಿ ಕತ್ತರಿಸಿಕೊಂಡು ಹೋಗುತ್ತದೆ. ಮಸಾರಿಯ ಕೆಂಪು ಮಣ್ಣಿನಲ್ಲಿಯಾದರೋ ಮರಳು ಗರಸುಗಳಿರುವುದರಿಂದ ಅಲಗು ಬೇಗ ಸವೆಯುತ್ತದೆ, ಕಲ್ಲು ತಾಗಿದರೆ ಹಲ್ಲುಬೀಳುತ್ತದೆ. ಅಲ್ಲಿಗೆ ಬಾಯಿಯನ್ನು ಒಂದಿಷ್ಟು ದಪ್ಪವಾಗಿಯೇ ಉಳಿಸಬೇಕು. ಒಂದೇ ಕುಡ, ಒಂದೇ ಕುಲುಮೆ, ಒಂದೇ ಕೈ. ಹೊಲ ಬದಲಾದರೆ ಹರಿತದ ಲೆಕ್ಕ ಬದಲಾಯಿತು.

ಒಂದು ಕುಡುಗೋಲನ್ನು ಅವನು ಹೇಗೆ ಹರಿತಗೊಳಿಸುವನೆಂಬುದನ್ನು ಕ್ರಮವಾಗಿ ನೋಡೋಣ. ಮೊದಲು ಅಲಗನ್ನು ಬೆಳಕಿಗೆ ಹಿಡಿದು, ಅಂಚನ್ನು ತನ್ನ ಕಣ್ಣಿಗೆ ನೇರವಾಗಿ ತಿರುಗಿಸುತ್ತಾನೆ. ಹರಿತವಾದ ಅಂಚಿಗೆ ಬೆಳಕನ್ನು ಮರಳಿಸುವಷ್ಟು ಅಗಲವೇ ಇರುವುದಿಲ್ಲವಾದ್ದರಿಂದ ಅದು ಕಣ್ಣಿಗೆ ಕಾಣಿಸದು. ಎಲ್ಲೆಲ್ಲಿ ಬಿಳಿಯ ಗೆರೆಯೊಂದು ಮಿನುಗುವುದೋ ಅಲ್ಲಲ್ಲಿ ಬಾಯಿ ಹೋಗಿದೆಯೆಂದು ತಿಳಿಯಬೇಕು. ಸವೆತ ಅಲ್ಪವಾಗಿದ್ದರೆ ಅರದಿಂದ ನಾಲ್ಕಾರು ಸಲ ಉಜ್ಜಿ ಕಲ್ಲಿಗೆ ಮಸೆದು ಕೊಟ್ಟುಬಿಡುತ್ತಾನೆ. ಅಂಚು ದಪ್ಪವಾಗಿ ಹೋಗಿದ್ದರೆ ಮಾತ್ರ ಬೆಂಕಿ ಬೇಕು. ಹಿಂದೆ ತಿದಿಯೊತ್ತುವುದಕ್ಕೆ ಮನೆಯವರೊಬ್ಬರು ಜೊತೆಗಿರಬೇಕಾಗಿತ್ತು. ಈಗ ವಿದ್ಯುತ್ತಿನ ಗಾಳಿಯಂತ್ರ ಆ ದುಡಿಮೆಯನ್ನು ವಹಿಸಿಕೊಂಡಿದೆ. ಇದ್ದಿಲ ಕೆಂಡದಲ್ಲಿ ಕೆಂಪಗೆ ಕಾದ ಅಲಗನ್ನು ಇಕ್ಕಳದಿಂದ ಹಿಡಿದು ಅಡಿಗಲ್ಲಿನ ಮೇಲಿರಿಸಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಕ್ರಮವಾಗಿ ತೆಳುವಾಗುವಂತೆ ಸುತ್ತಿಗೆಯಿಂದ ಹಣಿಯುತ್ತಾನೆ. ಪೆಟ್ಟು ಒಂದೇ ಸಮನಾಗಿರಬೇಕು. ಒಂದೆಡೆ ಹೆಚ್ಚಾಗಿ ಬಿದ್ದರೆ ಅಂಚು ಅಲೆಯಲೆಯಾಗಿ ಹೋಗುವುದು.

ಆಮೇಲೆ ಬರುವುದೇ ಹದ ಕೊಡುವ ಕಾರ್ಯ. ಇಡೀ ಕಸುಬಿನ ಮರ್ಮ ಇಲ್ಲಿದೆ. ಕೆಂಪಗೆ ಕಾದ ಉಕ್ಕನ್ನು ಥಟ್ಟನೆ ನೀರಿನಲ್ಲಿ ಅದ್ದಿದರೆ ಅದು ಅತ್ಯಂತ ಗಡಸಾಗುವುದೇನೋ ನಿಜ. ಆದರೆ ಹಾಗೆ ಗಡಸಾದುದು ಗಾಜಿನ ಗುಣವನ್ನು ಪಡೆದು, ಒಂದು ಗಟ್ಟಿ ಪೆಟ್ಟಿಗೆ ಚೂರಾಗಿ ಸಿಡಿಯುವ ಸಂಭವವುಂಟು. ಅದನ್ನು ಬಲ್ಲ ಕಮ್ಮಾರನು ಬಾಯಿಯ ಭಾಗವನ್ನು ಮಾತ್ರ ನೀರಿಗೆ ತಾಕಿಸಿ ತೆಗೆದು, ಕೂಡಲೇ ಕಲ್ಲಿನ ತುಂಡಿನಿಂದ ಉಜ್ಜಿ ಲೋಹವನ್ನು ಬೆಳ್ಳಗೆ ಮಾಡಿ, ಕಾದುನೋಡುತ್ತಾನೆ. ಬೆನ್ನಿನಲ್ಲಿ ಉಳಿದ ಬಿಸಿ ಮೆಲ್ಲನೆ ಅಂಚಿನತ್ತ ಹರಿದು ಬರುವಾಗ ಆ ಬೆಳ್ಳನೆಯ ಮೈಮೇಲೆ ಬಣ್ಣಗಳು ಒಂದರ ಹಿಂದೊಂದು ನಡೆದುಬರುತ್ತವೆ: ಮೊದಲು ಒಣಹುಲ್ಲಿನ ತಿಳಿಹಳದಿ, ಬಳಿಕ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಹಳದಿಯ ಹೊತ್ತಿಗೆ ಅಲಗಿನ ಉಷ್ಣತೆ ಸುಮಾರು 220 ಡಿಗ್ರಿ ಸೆಲ್ಸಿಯಸ್, ನೀಲಿಯ ಹೊತ್ತಿಗೆ ಸುಮಾರು 300. ಕ್ಷೌರದ ಕತ್ತಿಗೆ ತಿಳಿಹಳದಿಯಲ್ಲಿಯೇ ನಿಲ್ಲಿಸಬೇಕು. ಪೆಟ್ಟು ತಿನ್ನಬೇಕಾದ ಕೊಡಲಿಗೆ ನೇರಳೆಯವರೆಗೆ ಬಿಡಬೇಕು. ಬಾಗಿ ಮತ್ತೆ ನೆಟ್ಟಗಾಗಬೇಕಾದ ಕಮಾನಿಗೆ ನೀಲಿ. ಬೇಕಾದ ಬಣ್ಣ ಅಂಚನ್ನು ಮುಟ್ಟಿದ ಕ್ಷಣದಲ್ಲಿ ಇಡಿಯ ಅಲಗನ್ನು ನೀರಿಗೆ ಮುಳುಗಿಸಿದರೆ ಹದ ನಿಂತಿತು. ಕ್ಷಣಕಾಲ ತಡವಾದರೂ ಹೋಯಿತು. ಲಾರಿಗಳ ಹಳೆಯ ಕಮಾನುಪಟ್ಟಿಯನ್ನು ಕಮ್ಮಾರರು ಕುಡುಗೋಲಿಗೂ ಕೊಡಲಿಗೂ ಬಯಸಿ ಕೊಳ್ಳುವುದಕ್ಕೆ ಕಾರಣವೂ ಇದೇ. ಅದರಲ್ಲಿ ಹದವನ್ನು ಹಿಡಿಯುವಷ್ಟು ಇಂಗಾಲದ ಅಂಶವಿದೆ. ಮೆತ್ತನೆಯ ಕಬ್ಬಿಣಕ್ಕೆ ಎಷ್ಟು ಸಲ ನೀರು ಕುಡಿಸಿದರೂ ಅದು ಹರಿತವನ್ನು ಉಳಿಸಿಕೊಳ್ಳಲಾರದು.

ಹಿಂಗಾರಿಯ ಜೋಳವನ್ನು ಈ ಭಾಗದಲ್ಲಿ ಬೇರುಸಹಿತ ಕಿತ್ತು ಸಿವುಡು ಕಟ್ಟುವ ರೂಢಿಯುಂಟು. ಆಮೇಲೆ ತೆನೆಯನ್ನು ಕೊಯ್ಯುವಾಗ ಬೇಕಾದುದು ನುಣುಪಾದ ಬಾಯಿಯ ಕುಡುಗೋಲು. ಇದೇ ಜಿಲ್ಲೆಯ ಗಂಗಾವತಿಯ ಕಡೆಗೆ, ತುಂಗಭದ್ರೆಯ ನೀರು ಹರಿಯುವ ಭತ್ತದ ನಾಡಿಗೆ ಹೋದರೆ, ಅಲ್ಲಿಯ ಕುಡುಗೋಲಿಗೆ ಕಕ್ಕು ಬೇಕು. ಹಸಿಯಾದ ಭತ್ತದ ಬುಡ ನುಣುಪು ಬಾಯಿಗೆ ಜಾರುತ್ತದೆ. ಸಣ್ಣ ಹಲ್ಲುಗಳಿದ್ದರೆ ಹಿಡಿತ ಸಿಕ್ಕಿ, ಎಳೆದಂತೆ ಕೊಯ್ದು ಬರುತ್ತದೆ. ಆ ಕಕ್ಕನ್ನು ಹದ ಕೊಡುವ ಮೊದಲೇ, ಉಕ್ಕು ಮೆತ್ತಗಿರುವಾಗಲೇ, ಚಿಕ್ಕ ಉಳಿಯಿಂದ ಒಂದೊಂದಾಗಿ ಹೊಡೆಯಬೇಕು. ಹೀಗೆ ಒಂದು ಜಿಲ್ಲೆಯೊಳಗೆ ಎರಡು ಬೆಳೆಗಳಿಗೆ ಎರಡು ಹರಿತಗಳು.

ಕುಲುಮೆಯ ಒಡಹುಟ್ಟಾಗಿ ಬೆಳೆದುದು ಸಾಣೆಯ ಕಸುಬು. ಹಳ್ಳಿಯ ಆಯುಧಗಳು ಕಮ್ಮಾರನ ಬಳಿಗೆ ಹೋಗುವವಾದರೆ, ಊರೊಳಗಿನ ಚಾಕು, ಕತ್ತರಿ, ಈಳಿಗೆಗಳ ಬಳಿಗೆ ಸಾಣೆಯವನೇ ಬರುತ್ತಾನೆ. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲು ತುಳಿದರೆ ಚಕ್ರಕ್ಕೆ ಬದಲಾಗಿ ಸಾಣೆಕಲ್ಲು ತಿರುಗುವಂತೆ ಪಟ್ಟಿ ಜೋಡಿಸಿಕೊಂಡ ಆ ಸಂಚಾರಿ ಕಾರ್ಖಾನೆಯನ್ನು ನೋಡದ ಊರಿಲ್ಲ. ಹಿಂದೆ ನಮ್ಮ ದೇಶದಲ್ಲಿ ಕುರಂದದ ಪುಡಿಯನ್ನು ಅರಗಿನೊಡನೆ ಬೆರೆಸಿ ಸಾಣೆಚಕ್ರಗಳನ್ನು ಮಾಡಿಕೊಳ್ಳುತ್ತಿದ್ದರು. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಎಂಬಾತನು ವಿದ್ಯುತ್ ಕುಲುಮೆಯಲ್ಲಿ ಕಾರ್ಬೊರಂಡಮ್ ಎಂಬ ಅತಿ ಗಡಸಾದ ಕೃತಕ ಪದಾರ್ಥವನ್ನು ತಯಾರಿಸಿದ ಮೇಲೆ ಆ ಹಳೆಯ ಚಕ್ರಗಳ ಕಾಲ ಕ್ರಮೇಣ ಮುಗಿಯಿತು. 1954ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿಯಂಥವುಗಳಿಂದ ಕಾರ್ಖಾನೆಯ ಸಾಣೆಕಲ್ಲು ನಮ್ಮ ಪೇಟೆಗಳಿಗೂ ಬಂದಿತು.

ವೇಗವಾಗಿ ತಿರುಗುವ ಕಲ್ಲಿನಿಂದ ಕೆಲಸ ಹಗುರಾಯಿತು, ಅಪಾಯವೂ ಹೆಚ್ಚಿತು. ಆತುರದ ಕೈಯವನು ಅಲಗನ್ನು ಕಲ್ಲಿಗೆ ಒತ್ತಿಹಿಡಿದು ಕಿಡಿಗಳ ಸುರಿಮಳೆಯನ್ನು ತೋರಿಸಿ ಗಿರಾಕಿಯನ್ನು ಮೆಚ್ಚಿಸಬಹುದು. ಆದರೆ ಆ ಬಿಸಿಗೆ ಅಂಚಿನಲ್ಲಿ ನೀಲಿ ಕಲೆ ಮೂಡಿತೆಂದರೆ ಕಮ್ಮಾರನು ಕೊಟ್ಟ ಹದ ಅಲ್ಲಿಗೆ ಸತ್ತಿತೆಂದೇ ಅರ್ಥ. ಅಂಥ ಅಲಗು ಮನೆಗೆ ಹೋಗುವವರೆಗೆ ಹರಿತವಾಗಿದ್ದು ಎರಡು ದಿನದಲ್ಲಿ ಮತ್ತೆ ಮೊಂಡಾಗುತ್ತದೆ. ಒಳ್ಳೆಯ ಸಾಣೆಯವನು ಮೆಲ್ಲನೆ ತಾಕಿಸುತ್ತಾನೆ, ಪದೇಪದೇ ನೀರಿಗೆ ಅದ್ದುತ್ತಾನೆ. ಒಂದು ಬದಿಯನ್ನು ಉಜ್ಜಿದಾಗ ಇನ್ನೊಂದು ಬದಿಗೆ ಮಡಚಿಕೊಳ್ಳುವ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಒರಟಾಗಿ ತಾಗುವ ಉಕ್ಕಿನ ತೆಳ್ಳನೆಯ ಎಸಳನ್ನು ನುಣುಪಾದ ಕಲ್ಲಿಗೋ ತೊಗಲಿಗೋ ಮಸೆದು ತೆಗೆದುಹಾಕಿದ ಮೇಲೆಯೇ ಕೆಲಸ ಮುಗಿಯಿತೆಂದು ತಿಳಿಯುತ್ತಾನೆ. ಸಿಂಪಿಗರ ಕತ್ತರಿ ಇನ್ನೂ ಸೂಕ್ಷ್ಮ. ಅದರ ಎರಡು ಅಲಗುಗಳು ಒಂದನ್ನೊಂದು ಒರಸುತ್ತ ಹೋಗುವ ಒಳಮೈಯನ್ನು ಸಾಣೆಗೆ ಹಿಡಿಯಲೇಬಾರದು. ಹೊರಗಿನ ಇಳಿಜಾರನ್ನು ಮಾತ್ರ ಉಜ್ಜಬೇಕು. ಇದನ್ನರಿಯದವರ ಕೈಗೆ ಸಿಕ್ಕ ಕತ್ತರಿ ಆಮೇಲೆ ಬಟ್ಟೆಯನ್ನು ಕತ್ತರಿಸದೆ ಮಡಚಿ ನುಂಗುವುದು.

ಈ ವಿವೇಕ ನಮ್ಮ ಸೀಮೆಯೊಂದರ ಸ್ವತ್ತೇನಲ್ಲ. ಹಿಮದ ನಾಡಾದ ಕೆನಡದಲ್ಲಿ ಐಸ್ ಹಾಕಿಯ ಆಟಗಾರರು ತಮ್ಮ ಸ್ಕೇಟಿನ ಅಲಗನ್ನು ಹರಿತಗೊಳಿಸಿಕೊಳ್ಳುವ ವಿಷಯದಲ್ಲಿ ನಮ್ಮ ಒಕ್ಕಲಿಗರಷ್ಟೇ ನಿಷ್ಠುರರು. ಸುಮಾರು ಮೂರು ಮಿಲಿಮೀಟರು ದಪ್ಪದ ಆ ಅಲಗಿಗೆ ಒಂದಲ್ಲ, ಎರಡು ಅಂಚುಗಳು. ವಜ್ರದ ಮೊನೆಯಿಂದ ಸಾಣೆಚಕ್ರದ ಮೈಯನ್ನು ಮೊದಲು ಉಬ್ಬಾಗಿ ತಿದ್ದಿಕೊಂಡು, ಅಲಗಿನ ಉದ್ದಕ್ಕೂ ಅದನ್ನು ಹಾಯಿಸಿದರೆ ನಡುವೆ ಒಂದು ತೋಡು ಬಿದ್ದು, ಅದರ ಎರಡು ದಂಡೆಗಳೇ ಹಿಮಗಡ್ಡೆಯನ್ನು ಕಚ್ಚುವ ಅಂಚುಗಳಾಗುತ್ತವೆ. ತೋಡಿನ ಕಮಾನಿನ ತ್ರಿಜ್ಯ ಸಾಮಾನ್ಯವಾಗಿ ಅರ್ಧ ಅಂಗುಲದ ಆಸುಪಾಸಿನಲ್ಲಿರುತ್ತದೆ. ತ್ರಿಜ್ಯ ಕಡಿಮೆಯಾದಷ್ಟೂ ತೋಡು ಆಳವಾಗಿ ಹಿಡಿತ ಹೆಚ್ಚುತ್ತದೆ, ಜಾರುವ ಸರಾಗ ಕುಗ್ಗುತ್ತದೆ. ತ್ರಿಜ್ಯ ಹೆಚ್ಚಿದರೆ ಇದಕ್ಕೆ ವಿರುದ್ಧ. ಹಗುರ ಮೈಯ ಆಟಗಾರನಿಗೂ ಕಲ್ಲಿನಂತೆ ಗಟ್ಟಿಯಾದ ಹಿಮಕ್ಕೂ ಆಳವಾದ ತೋಡು. ಭಾರದ ಮೈಯವನಿಗೂ ಮೆದುವಾದ ಹಿಮಕ್ಕೂ ಆಳವಿಲ್ಲದ ತೋಡು. ಎರಡು ಅಂಚುಗಳು ಸಮಮಟ್ಟದಲ್ಲಿವೆಯೇ ಎಂದು ನೋಡಲು ಅವುಗಳ ಮೇಲೊಂದು ನೇರವಾದ ಪಟ್ಟಿಯನ್ನು ಅಡ್ಡಲಾಗಿಟ್ಟು, ಅದು ಅಲಗಿಗೆ ಲಂಬವಾಗಿ ಕೂತಿತೇ ಎಂದು ಪರೀಕ್ಷಿಸುತ್ತಾರೆ. ಒಂದು ಅಂಚು ಎತ್ತರವಾದರೆ ಆಟಗಾರನು ತಿರುಗುವಲ್ಲಿ ಮುಗ್ಗರಿಸುವನು. ಹಿಮ ಎಂಥದೆಂದು ಅಲ್ಲಿ ಕೇಳುವ ಪ್ರಶ್ನೆಯೂ ಹೊಲ ಎಂಥದೆಂದು ಇಲ್ಲಿ ಕೇಳುವ ಪ್ರಶ್ನೆಯೂ ತತ್ತ್ವದಲ್ಲಿ ಒಂದೇ.

ಕುಲುಮೆಯ ಆರ್ಥಿಕ ಆಸರೆ ಮಾತ್ರ ಬಹಳವಾಗಿ ಬದಲಾಗಿದೆ. ಹಿಂದೆ ಕಮ್ಮಾರನು ಊರಿನ ಆಯಗಾರರಲ್ಲಿ ಒಬ್ಬನಾಗಿದ್ದು, ವರ್ಷವೆಲ್ಲ ಒಕ್ಕಲಿಗರ ಆಯುಧಗಳನ್ನು ನೋಡಿಕೊಂಡು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳನ್ನು ಪಡೆಯುತ್ತಿದ್ದನು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾಲದಿಂದ ಕಾರ್ಖಾನೆಯ ಸಾಧನಗಳು ಹೊಲಕ್ಕೆ ಇಳಿದವು. ಆದರೆ ಆ ಯಂತ್ರದ ಅಲಗೂ ಮೊಂಡಾದಾಗ ಹುಡುಕಬೇಕಾದುದು ಊರಿನ ಕಮ್ಮಾರನನ್ನೇ. ಈಗಿನ ಸಂಕಟ ಬೇರೆ ಬಗೆಯದು. ಟ್ರ್ಯಾಕ್ಟರಿನ ರೋಟವೇಟರಿನ ಅಲಗು ಸವೆದರೆ ಬಿಚ್ಚಿ ಎಸೆದು ಹೊಸದನ್ನು ಹಾಕುವುದೇ ವಾಡಿಕೆ. ಕೊಯ್ಲಿಗೆ ದೊಡ್ಡ ಯಂತ್ರ ಬಂದರೆ ಕುಡುಗೋಲು ಅಟ್ಟದಲ್ಲಿ ಉಳಿಯುತ್ತದೆ. ಕ್ಷೌರಿಕನ ಕತ್ತಿಗೆ ಬಿಸಾಡುವ ಬ್ಲೇಡು ಬಂದಿದೆ. ಅಡುಗೆಮನೆಗೆ ಅಗ್ಗದ ಚಾಕು ಬಂದಿದೆ. ಆಯವೂ ನಿಂತು, ನಗದಿನ ಗಿರಾಕಿಯೂ ತೆಳುವಾಗಿ, ಬೇಸಿಗೆಯ ಬಿಸಿಲಿನಲ್ಲಿ ಬೆಂಕಿಯ ಮುಂದೆ ಕೂರುವ ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಲು ತಂದೆಯರೇ ಹಿಂಜರಿಯುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಾಗಿದ್ದರೂ ಮುಂಗಾರಿಗೆ ಮುಂಚಿನ ವಾರಗಳಲ್ಲಿ ಕುಡಗಳನ್ನು ಹಿಡಿದ ರೈತರು ಕುಲುಮೆಯ ಮುಂದೆ ಸರದಿ ಕಾಯುವುದು ಇನ್ನೂ ನಿಂತಿಲ್ಲ. ಯಾಕೆಂದರೆ ಕಸ ತೆಗೆಯುವ ಕುರ್ಪಿಗೂ ಸಾಲಿನ ನಡುವಿನ ಎಡೆಕುಂಟೆಗೂ ಸಮನಾದ ಅಗ್ಗದ ಬದಲಿ ಎಲ್ಲರ ಕೈಗೆ ಇನ್ನೂ ಎಟುಕಿಲ್ಲ.

ಈ ವಿದ್ಯೆ ಉಳಿಯಬೇಕೆಂಬ ಇಚ್ಛೆಯುಳ್ಳ ಓದುಗರು ಮಾಡಬಹುದಾದುದು ಅಲ್ಪ, ಆದರೆ ಸುಲಭ. ಮನೆಯ ಕತ್ತರಿ, ಚಾಕು, ಈಳಿಗೆಗಳು ಮೊಂಡಾದವೆಂದು ಎಸೆಯುವ ಮುನ್ನ ಅವನ್ನು ಬಲ್ಲವರಿಗೆ ತೋರಿಸಬೇಕು. ಬಲ್ಲವರನ್ನು ಗುರುತಿಸುವುದು ಕಷ್ಟವೇನಲ್ಲ: ಅಲಗನ್ನು ಬೆಳಕಿಗೆ ಹಿಡಿದು ನೋಡುವವನು, ಇದರಿಂದ ಏನನ್ನು ಕತ್ತರಿಸುತ್ತೀರಿ ಎಂದು ಕೇಳುವವನು, ಸಾಣೆಯ ಪಕ್ಕದಲ್ಲಿ ನೀರಿಟ್ಟುಕೊಂಡವನು ನಂಬಿಕೆಗೆ ಅರ್ಹ. ಕೆಲಸ ಮುಗಿದ ಮೇಲೆ ಅಂಚಿನಲ್ಲಿ ನೀಲಿ ಕಲೆಯಿಲ್ಲದಿರುವುದನ್ನು ನೋಡಿ, ಹೆಬ್ಬೆರಳನ್ನು ಅಲಗಿನ ಉದ್ದಕ್ಕೆ ಎಳೆಯದೆ ಅಡ್ಡಲಾಗಿ ಮೆಲ್ಲನೆ ಸರಿಸಿ, ಎರಡೂ ಬದಿ ಒಂದೇ ಸಮನೆಂದು ಖಾತ್ರಿ ಮಾಡಿಕೊಳ್ಳಬೇಕು. ಅಷ್ಟಾದ ಮೇಲೆ ಅವನು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು. ಹೊಸ ಅಲಗಿನ ಬೆಲೆಗೆ ಹೋಲಿಸಿದರೆ ಅದು ಯಾವಾಗಲೂ ಕಡಿಮೆಯೇ.