ಕಲ್ಲು ಹೇಳದ ತೂಕ

ಬಾದಾಮಿಯ ಮೂರನೆಯ ಗುಹೆ ಚಾಲುಕ್ಯ ಮಂಗಲೇಶ ಮಾಡಿಸಿದ್ದು. ಶಾಸನದ ಪ್ರಕಾರ ಶಕ 500, ಅಂದರೆ ಕ್ರಿ.ಶ. 578. ಅಲ್ಲಿನ ಎಂಟು ತೋಳಿನ ವಿಷ್ಣು ಚಕ್ರ, ಬಿಲ್ಲುಗಳ ಜೊತೆ ಕತ್ತಿಯನ್ನೂ ಹಿಡಿದಿದ್ದಾನೆ. ಚಾಲುಕ್ಯರ ಕಾಲದ ಕತ್ತಿಯ ಪ್ರತಿಕೃತಿ ಮಾಡಹೊರಟವರು ಕಾಲ ಖಚಿತವಿರುವ ಈ ಶಿಲ್ಪದಿಂದಲೇ ಶುರು ಮಾಡಬೇಕು. ಆದರೆ ಅದರ ಅಳತೆ ತೆಗೆದು ಯಂತ್ರದಲ್ಲಿ ಉಕ್ಕಿನ ಹಾಳೆ ಕತ್ತರಿಸಿದರೆ ಕೈಗೆ ಬರುವುದು ಕತ್ತಿಯ ನೆರಳು. ನಿಜವಾದ ಪ್ರತಿಕೃತಿ ಕುಲುಮೆಯಲ್ಲೇ ಹುಟ್ಟಬೇಕು. ಮರಳುಗಲ್ಲಿನಲ್ಲಿ ತೆಳುವಾದ ಅಲಗು ನಿಲ್ಲದು. ಶಿಲ್ಪಿ ಅದನ್ನು ದಪ್ಪವಾಗಿಯೇ ಬಿಡಬೇಕು. ಅದೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆ ಉತ್ತಮ ಖಡ್ಗಕ್ಕೆ 50 ಅಂಗುಲ, ಕನಿಷ್ಠಕ್ಕೆ 25 ಅಂಗುಲ ಉದ್ದ ಹೇಳುತ್ತದೆ. ಅಂಗುಲವನ್ನು ಸುಮಾರು 1.9 ಸೆಂ.ಮೀ. ಎಂದುಕೊಂಡರೆ ಉತ್ತಮ ಖಡ್ಗ 95 ಸೆಂ.ಮೀ. ಆಯಿತು. ಉದ್ದ ತಿಳಿದ ಮಾತ್ರಕ್ಕೆ ತೂಕ ತಿಳಿಯದು. 75 ಸೆಂ.ಮೀ. ಉದ್ದ, 4.5 ಸೆಂ.ಮೀ. ಅಗಲದ ಅಲಗು 5 ಮಿ.ಮೀ. ದಪ್ಪವಿದ್ದರೆ ಸುಮಾರು 1,300 ಗ್ರಾಂ ತೂಗುತ್ತದೆ; 3 ಮಿ.ಮೀ. ಆದರೆ 800 ಗ್ರಾಂ. ಎರಡೂ ದೂರದಿಂದ ಒಂದೇ ರೀತಿ ಕಾಣುತ್ತವೆ. ಖಡ್ಗ ಹಿಡಿದು ಒಡಪು ಹೇಳುತ್ತ ಕುಣಿಯುವ ನಮ್ಮ ಪುರವಂತರನ್ನು ಕೇಳಿ, ಆ ಅರ್ಧ ಕಿಲೋ ಏನೆಂದು ಅವರ ತೋಳು ಬಲ್ಲದು. ಕಮ್ಮಾರ ಹಿಡಿಯ ಬಳಿ ದಪ್ಪ ಉಳಿಸಿ, ತುದಿಯತ್ತ ಬಡಿದು ತೆಳುವಾಗಿಸುತ್ತ, ನಡುನಡುವೆ ಎತ್ತಿ ಬೀಸಿ ನೋಡುತ್ತ ಹೋದಾಗಲೇ ಕಲ್ಲೂ ಗ್ರಂಥವೂ ಬಿಟ್ಟ ಜಾಗ ತುಂಬುತ್ತದೆ.

ದೇವರ ಆಯುಧ ಶಿಲ್ಪಿಯ ಕಲ್ಪನೆಯಲ್ಲವೇ ಎಂಬ ಆಕ್ಷೇಪ ಸಹಜ. ತೋಳು ಎಂಟಾದದ್ದು ಕಲ್ಪನೆ ಸರಿ, ಆದರೆ ಪ್ರತಿ ಕೈಗೂ ಕೊಟ್ಟದ್ದು ನೋಡುವವರಿಗೆ ಗುರುತು ಸಿಗುವ ವಸ್ತುವನ್ನೇ. ಮುಂದಿನ ಶತಮಾನಗಳ ವೀರಗಲ್ಲುಗಳಲ್ಲಿ ಮನುಷ್ಯರೇ ಕತ್ತಿ ಹಿಡಿದು ಕಾದುತ್ತಾರೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಬೇಗೂರು ಕಲ್ಲಿನೊಡನೆ ಹೋಲಿಸಿ ನೋಡಬಹುದು. ಉಕ್ಕಿನ ಬಗೆಗಿನ ಆಕ್ಷೇಪ ಇದಕ್ಕಿಂತ ಗಟ್ಟಿ. ಇಂದು ಕುಲುಮೆಗೆ ಸುಲಭವಾಗಿ ಸಿಗುವುದು ಲಾರಿಯ ಕಮಾನುಪಟ್ಟಿ. ಅದರಲ್ಲಿ ಸಾಮಾನ್ಯವಾಗಿ ಅಂದಿಲ್ಲದ ಕ್ರೋಮಿಯಂ ಬೆರೆತಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸಿದ ಕುರುಹುಗಳಿವೆ ನಿಜ. ಹಾಗೆಂದು ಬಾದಾಮಿಯ ಕತ್ತಿಯೂ ಅದೇ ಉಕ್ಕಿನದೆಂದು ಹೇಳಿಕೊಳ್ಳುವುದು ತಪ್ಪು. ಲೋಹ ಇಂದಿನದು, ರೂಪ ಅಂದಿನದು, ತೂಕ ನಮ್ಮ ಊಹೆ ಎಂದು ಬರೆದಿಟ್ಟರೆ ಪ್ರತಿಕೃತಿಯ ಬೆಲೆ ಕುಂದದು.

ಒರೆಯ ವಿಷಯದಲ್ಲಿ ಊಹೆ ಇನ್ನೂ ಹೆಚ್ಚು. ಎತ್ತಿ ಹಿಡಿದ ಕತ್ತಿಗೆ ಶಿಲ್ಪದಲ್ಲಿ ಒರೆ ಇರುವುದಿಲ್ಲ; ಮರ, ತೊಗಲುಗಳು ಮಣ್ಣಲ್ಲಿ ಉಳಿಯುವುದೂ ಅಪರೂಪ. ಆದರೂ ಅಲಗೇ ಕೆಲವು ನಿಯಮ ವಿಧಿಸುತ್ತದೆ. ಚೆನ್ನಾಗಿ ಒಣಗಿದ ಮರದ ಎರಡು ಹೋಳುಗಳನ್ನು ಅಲಗಿನ ಆಕಾರಕ್ಕೆ ಒಳಗೆ ಕೆತ್ತಿ, ಅಂಟಿಸಿ, ಮೇಲೆ ತೊಗಲು ಹೊಲಿಯಬೇಕು. ಹಸಿ ಮರವಾದರೆ ತೇವದಿಂದ ಅಲಗು ತುಕ್ಕು ಹಿಡಿಯುತ್ತದೆ. ತಂಗಡಿ ತೊಗಟೆಯಲ್ಲಿ ಹದ ಮಾಡಿದ ತೊಗಲಿನ ಒಗರೂ ಉಕ್ಕಿಗೆ ಆಗದು, ಹಾಗಾಗಿ ಅದು ಹೊರಗಷ್ಟೇ ಇರಬೇಕು. ಬಾಯಿ ಬಿಗಿಯಾಗಿರಲಿ, ಮಳೆಗಾಲದಲ್ಲಿ ಮರ ಉಬ್ಬಲು ಕೂದಲೆಳೆಯ ಜಾಗವೂ ಇರಲಿ. ಇಷ್ಟಕ್ಕೆ ಕೆಲಸದ ಆಧಾರವಿದೆ. ಹಿತ್ತಾಳೆಯ ಹೂಬಳ್ಳಿ, ಬಣ್ಣದ ಹರಳುಗಳಿಗೆ ಯಾವ ಆಧಾರವೂ ಇಲ್ಲ. ಸಂಗ್ರಹಾಲಯಕ್ಕೆ ಹೋಗುವ ಪ್ರತಿಕೃತಿಯ ಒರೆಯ ಹೊರಮೈ ಬರಿಯ ತೊಗಲಿನದೇ ಇರಲಿ.