ತಟ್ಟೋದು ನಿಲ್ಲಿಸದ ಜನ

ಸೋಗಾನೆ: ಈ ಊರಿನ ಹೆಸರೆತ್ತಿದರೆ ಶಿವಮೊಗ್ಗದವರಿಗೆ ಈಗ ನೆನಪಾಗುವುದು ಎರಡೇ. ಒಂದು ವಿಮಾನ ನಿಲ್ದಾಣ, ಇನ್ನೊಂದು ಜೈಲು. ಒಂದರಿಂದ ಜನ ಹಾರಿ ಹೋಗ್ತಾರೆ. ಇನ್ನೊಂದರಿಂದ ಹೊರಗೆ ಬರೋದಕ್ಕೆ ಕಾಯ್ತಾರೆ. ಕಾಯುವುದು ಮಾತ್ರ ಎರಡೂ ಕಡೆ ಮಾಮೂಲು. ವಿಮಾನ ನಿಲ್ದಾಣಕ್ಕೆ ಶಂಕುಸ್ಥಾಪನೆ ಆದದ್ದು 2008ರಲ್ಲಿ, ಉದ್ಘಾಟನೆ ಆದದ್ದು 2023ರ ಫೆಬ್ರವರಿ 27ರಂದು. ಲೆಕ್ಕ ಹಾಕಿ!

ಸರಕಾರದ ಕೆಲಸಕ್ಕೇ ಇಷ್ಟು ವರ್ಷ ಕಾಯಬೇಕಾದರೆ ದೇವರ ಕೆಲಸಕ್ಕೆ ಎಷ್ಟು ಕಾಯಬೇಕು? ಈ ಪ್ರಶ್ನೆಯನ್ನು ತಮಾಷೆಗಲ್ಲದೆ ಕೇಳಿಕೊಳ್ಳುವವರು ನಮ್ಮ ನಡುವೆಯೇ ಇದ್ದಾರೆ. ಶಿವಮೊಗ್ಗದ ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚನ್ನು ಬಸ್ಸಿನ ಕಿಟಕಿಯಿಂದ ನೋಡದವರು ಯಾರು? ಕ್ರಿಸ್‌ಮಸ್ ರಾತ್ರಿ, ಗುಡ್ ಫ್ರೈಡೇ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಮಳೆಗಾಲದ ಬುಧವಾರವೋ ಗುರುವಾರವೋ ಬೆಳಗಿನ ಪೂಜೆಗೆ ಬರೋರು ಎಷ್ಟು ಮಂದಿ? ಸಂಕಟ ಬಂದಾಗ ವೆಂಕಟರಮಣ ಅನ್ನೋದು ಎಲ್ಲ ಮತದವರಿಗೂ ಒಪ್ಪುವ ಗಾದೆ. ಸಂಕಟ ಇರಲಿ ಬಿಡಲಿ, ದಿನವೂ ಹೋಗುವ ನಾಲ್ಕು ಜನರ ಮಾತೇ ಬೇರೆ.

ಭದ್ರಾವತಿ ಬಸ್ಸಿನಲ್ಲಿ ಸೆರಗಿನೊಳಗೆ ಜಪಮಾಲೆ ಹಿಡಿದು ತುಟಿ ಅಲ್ಲಾಡಿಸುವ ಅಜ್ಜಿಯರನ್ನು ಕಂಡಿರಬಹುದು. ಒಂದು ಸುತ್ತಿಗೆ ಹತ್ತು ಹತ್ತರ ಐದು ಗುಂಪು, ಅಂದರೆ ಮಾತೆ ಮರಿಯಳ ಪ್ರಾರ್ಥನೆ 50 ಸಲ. ಇಪ್ಪತ್ತು ನಿಮಿಷದ ಕೆಲಸ. ಭದ್ರಾವತಿ ಬರುವುದರೊಳಗೆ ಮುಗಿದೇ ಹೋಗುತ್ತದೆ!

ಬಾಗಿಲು ತಟ್ಟಿದವನ ಕಥೆ

ಏಸುಸ್ವಾಮಿ ಹೇಳಿದ ಒಂದು ಕಥೆ ಅಂಗಡಿಯವರಿಗೆ ಬೇಗ ಅರ್ಥವಾದೀತು. ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿದೆ. ಮಧ್ಯರಾತ್ರಿ ಒಬ್ಬನ ಮನೆಗೆ ನೆಂಟ ಬಂದ. ಮನೆಯಲ್ಲಿ ತಿನ್ನಲು ಏನೂ ಇಲ್ಲ. ಪಕ್ಕದ ಗೆಳೆಯನ ಬಾಗಿಲು ತಟ್ಟಿ ಮೂರು ರೊಟ್ಟಿ ಕೇಳಿದ. ಒಳಗಿನವನಿಗೆ ಏಳಲು ಬೇಸರ, ಮಕ್ಕಳು ಮಲಗಿವೆ. ಆದರೂ ತಟ್ಟುವವ ಬಿಡಲಿಲ್ಲ. ಕೊನೆಗೆ ಗೆಳೆತನಕ್ಕಲ್ಲದಿದ್ದರೂ ಕಾಟ ತಡೆಯಲಾರದೆ ಕೊಟ್ಟ.

ಕೋರ್ಟಿಗೆ ಅಲೆದವರಿಗೆ 18ನೇ ಅಧ್ಯಾಯ ಇದೆ. ದೇವರಿಗೂ ಹೆದರದ, ಜನಕ್ಕೂ ಹೆದರದ ಒಬ್ಬ ನ್ಯಾಯಾಧೀಶ. ಬಡ ವಿಧವೆಯೊಬ್ಬಳು ದಿನಾ ಬಂದು ನ್ಯಾಯ ಕೇಳುತ್ತಾಳೆ. ಕೊನೆಗೆ ಅವನೇ ಸೋತು ತೀರ್ಪು ಕೊಡುತ್ತಾನೆ. ಅಂಥವನೇ ಬಗ್ಗಿದ ಮೇಲೆ ದಯಾಳುವಾದ ದೇವರು ಕೇಳಿಸಿಕೊಳ್ಳದೆ ಇದ್ದಾನೆಯೇ ಎಂಬುದು ಕಥೆಯ ತಿರುಳು.

ಹದಿನೈದು ವರ್ಷದ ಸೆರೆ

ಕಥೆ ಇರಲಿ, ನಡೆದದ್ದೂ ಇದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಎಷ್ಟು ಸಾವಿರ ಜನ ಎಂಬುದರಲ್ಲಿ ಚರಿತ್ರೆಕಾರರಿಗೆ ಒಮ್ಮತವಿಲ್ಲ. ಇಗರ್ಜಿಗಳು ನೆಲಕಚ್ಚಿದವು, ಪಾದ್ರಿಗಳು ಗಡೀಪಾರಾದರು. ಸೆರೆಯಲ್ಲಿ ಸತ್ತವರೆಷ್ಟೋ. ಹೆದರಿಕೆಗೆ ಮತ ಬದಲಿಸಿದವರೂ ಉಂಟು. ಅವರನ್ನು ಹಳಿಯುವಂತಿಲ್ಲ. 1799ರಲ್ಲಿ ಬಿಡುಗಡೆಯಾದಾಗ, 15 ವರ್ಷ ಪೂಜೆಯಿಲ್ಲದೆ ಪಾದ್ರಿಯಿಲ್ಲದೆ ಉಳಿದಿದ್ದ ನಂಬಿಕೆಯನ್ನು ಕಟ್ಟಿಕೊಂಡು ಅನೇಕರು ಕರಾವಳಿಗೆ ಮರಳಿದರು. ಬಿದ್ದ ಇಗರ್ಜಿಗಳನ್ನು ಮತ್ತೆ ಎಬ್ಬಿಸಿದರು. ಮೈಸೂರು ಸೀಮೆಯಲ್ಲಿ ಉಳಿದವರನ್ನು ಒಟ್ಟುಗೂಡಿಸಲು ಫ್ರಾನ್ಸಿನ ಪಾದ್ರಿ ದುಬಾಯ್ ಬಂದರು.

ಸಿಗದಿದ್ದರೆ?

ಇಲ್ಲಿಯೇ ಇರೋದು ತೊಡಕು. ತಟ್ಟಿದ ಬಾಗಿಲೆಲ್ಲ ತೆರೆಯುತ್ತದೆಯೇ? ಭದ್ರಾವತಿಯ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಅದನ್ನು ನಂಬಿದ್ದ ಮನೆಗಳಲ್ಲಿ ಹರಕೆ ಹೊರದ ದೇವರಿಲ್ಲ. ದೇವಸ್ಥಾನ, ಮಸೀದಿ, ಚರ್ಚು, ಎಲ್ಲ ಕಡೆ ಕೇಳಿಕೊಂಡರು. ಆದರೂ ಸಂಬಳ ನಿಂತಿತು.

ಬೈಬಲ್ಲೂ ಇದನ್ನು ಮುಚ್ಚಿಡುವುದಿಲ್ಲ. ಸಂತ ಪೌಲ ತನ್ನನ್ನು ಚುಚ್ಚುತ್ತಿದ್ದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ತಡೆದುಕೊಳ್ಳುವ ಶಕ್ತಿ ಸಿಕ್ಕಿತು, ಅಷ್ಟೇ. ಸಂತ ಮೋನಿಕಾ ಎಂಬ ತಾಯಿ ದಾರಿತಪ್ಪಿದ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದಳು. ಮಗ ಕ್ರಿ.ಶ. 387ರಲ್ಲಿ ಜ್ಞಾನಸ್ನಾನ ಪಡೆದ. ಅದೇ ವರ್ಷ ತಾಯಿ ಕಣ್ಣುಮುಚ್ಚಿದಳು. ಮುಂದೆ ಮಗ ದೊಡ್ಡ ಸಂತನಾದದ್ದನ್ನು ಅವಳು ನೋಡಲೇ ಇಲ್ಲ.

ಪ್ರಾರ್ಥನೆ ಅಂದರೆ ಗಲ್ಲಾಪೆಟ್ಟಿಗೆಗೆ ಕಾಸು ಹಾಕಿ ಸಾಮಾನು ಪಡೆಯುವ ವ್ಯವಹಾರ ಅಂತ ತಿಳಿದವರು ಮೂರನೇ ವಾರಕ್ಕೇ ಬಿಟ್ಟುಬಿಡ್ತಾರೆ. ಬಿಡದವರಿಗೆ ಅದು ಕೇಳುವುದಕ್ಕಿಂತ ಹೆಚ್ಚಾಗಿ ಜೊತೆಯಲ್ಲಿ ಇರುವುದು. ಹಾಸಿಗೆ ಹಿಡಿದ ಗಂಡನ ಹತ್ತಿರ ಹೆಂಡತಿ ಕೂತಂತೆ. ಕೂತರೆ ಕಾಯಿಲೆ ವಾಸಿಯಾಗುತ್ತೆ ಅಂತ ಅಲ್ಲ, ಎದ್ದು ಹೋಗೋಕೆ ಮನಸ್ಸು ಬರೋದಿಲ್ಲ ಅಂತ.

ಇದರ ಅರ್ಥ ಸೋಗಾನೆ ಜೈಲಿನ ಗೇಟಿಗೆ ಹೋಗುವ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗಿರುವ ಮಗ ತಪ್ಪು ಮಾಡಿದ್ದಾನೋ ಇಲ್ಲವೋ, ಅದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಬ್ಯಾಗು ಹಿಡಿದು ಬಿಸಿಲಲ್ಲಿ ನಿಲ್ಲುವುದು ಅವರ ಪಾಲಿನ ಕೆಲಸ. ಒಬ್ಬರ ಕೈಯಲ್ಲಿ ಜಪಮಾಲೆ, ಇನ್ನೊಬ್ಬರದು ತಸ್ಬಿ, ಮತ್ತೊಬ್ಬರ ಕೊರಳಲ್ಲಿ ತುಳಸಿ ಮಣಿ. ಸಾಲು ಮಾತ್ರ ಒಂದೇ.

ಭೇಟಿ ಸಮಯ ಮುಗಿದ ಮೇಲೆ ಶಿವಮೊಗ್ಗದ ಬಸ್ಸು ಹಿಡೀತಾರೆ. ಮುಂದಿನ ಭೇಟಿಯ ದಿನ ಮತ್ತೆ ಅವರೇ ಬರ್ತಾರೆ.